ಕುದುರೆ ಮೆಂತೆಯ ಕುಸುರೆಳ್ಳು

ಸಿದ್ದಲಿಂಗೇಶನ ಹೊಲದ ಮಣ್ಣು ಹುಳಿಯಾಗಿದೆ ಎಂಬ ಸುದ್ದಿ ಕೇಳಿ ಬಂಡ್ರಿಯ ಜನ ನಕ್ಕ ನಗು ಇನ್ನೂ ನಿಂತಿರಲಿಲ್ಲ. ಮಜ್ಜಿಗೆ ಹುಳಿಯಾಗುವುದನ್ನು ಅವರು ಕಂಡಿದ್ದರು, ಹಿಟ್ಟು ಹುಳಿಯಾಗುವುದನ್ನೂ ಕಂಡಿದ್ದರು. ಮಣ್ಣು ಹುಳಿಯಾಗುತ್ತದೆಂದು ಮಾತ್ರ ಯಾರೂ ಕೇಳಿರಲಿಲ್ಲ. ಆದರೆ ಕೃಷಿ ಕೇಂದ್ರದ ಶ್ರೀವಾಣಿ ಮೇಡಂ ಗುಡ್ಡದ ಬುಡದಲ್ಲಿದ್ದ ಅವನ ಕೆಂಪು ಹೊಲದ ಮಣ್ಣು ಒಯ್ದು ಪರೀಕ್ಷೆ ಮಾಡಿಸಿ ಖಂಡಿತವಾಗಿ ಹೇಳಿಬಿಟ್ಟಿದ್ದರು: "ಇದರಾಗ ಆಮ್ಲ ಜಾಸ್ತಿ ಐತ್ರಿ. ಹಿಂಗ ಬಿಟ್ರ ಮೇವಿನ ಬೆಳಿ ಬೇರೇ ಬಿಡಂಗಿಲ್ಲ. ಮೊದಲು ಸುಣ್ಣದಕಲ್ಲಿನ ಪುಡಿ ಹಾಕ್ರಿ."

ಸಿದ್ದಲಿಂಗೇಶ ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಮನುಷ್ಯ. ಟ್ರ್ಯಾಲಿ ತುಂಬ ಪುಡಿ ತರಿಸಿ, ಬೋರಿನ ಪಕ್ಕದ ತುಂಡು ಹೊಲಕ್ಕೆಲ್ಲ ಎರಚಿ, ಮೀಸೆ ಹುಬ್ಬು ಬೆಳ್ಳಗೆ ಮಾಡಿಕೊಂಡು ಊರೊಳಗೆ ಬಂದ. "ಏನಲೇ ಲಿಂಗೇಶ, ಹೊಲಕ್ಕ ಸುಣ್ಣ ಬಳಿಸಿದಿ, ಗೃಹಪ್ರವೇಶ ಯಾವಾಗ?" ಎಂದು ಕಟ್ಟೆಯ ಮೇಲೆ ಕೂತವರು ಕೇಳಿದರು. ತುಂಗಭದ್ರಾ ಡ್ಯಾಮಿನ ಕಾಲುವೆ ಕಚೇರಿಯಲ್ಲಿ ಗುಮಾಸ್ತರಾಗಿದ್ದು, ನಿವೃತ್ತಿಯಾದ ಮೇಲೆ ಪಕ್ಕದ ಮನೆಯಲ್ಲಿ ನೆಲೆಸಿದ್ದ ವ್ಯಾಸರಾಜರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. "ಸುಣ್ಣ ಆತು. ಇನ್ನ ಎಲಿ ಅಡಿಕಿನೂ ಹಾಕಿಬಿಡಪಾ, ನಿನ್ನ ಹೊಲ ಬಾಯಿ ಕೆಂಪು ಮಾಡಿಕೊಂಡು ಕೂಡ್ತದ."

ಇದನ್ನೆಲ್ಲ ಅವನು ಸಹಿಸಿಕೊಂಡದ್ದು ತುಂಗಿಗಾಗಿ. ತುಂಗಿ ಅವನ ಆಕಳು. ಹೆಂಡತಿ ಪೂಜಿತಾಳ ಜೊತೆಗೇ ಕಂಪ್ಲಿಯ ತವರಿನಿಂದ ಬಂದದ್ದು. ಕಂಪ್ಲಿಯ ಕಾಲುವೆ ದಂಡೆಯಲ್ಲಿ ಹಸಿರು ಮೇಯ್ದು ಬೆಳೆದ ಪ್ರಾಣಿ ಬಂಡ್ರಿಯ ಒಣಹುಲ್ಲಿಗೆ ಒಗ್ಗಲಿಲ್ಲ. ಪಕ್ಕೆಲುಬುಗಳು ಹೊರಗೆ ಕಾಣತೊಡಗಿದವು. ದೀಪಾವಳಿಗೆ ಬಂದ ಪೂಜಿತಾಳ ಅಣ್ಣ ನಾಗೇಂದ್ರಪ್ಪ ಆಕಳಿನ ಮೈಮೇಲೆ ಕೈಯಾಡಿಸಿ, "ಭಾವಾ, ಸಂಕ್ರಮಣದ ತನಕ ನೋಡ್ತೀನಿ. ಅಷ್ಟರಾಗ ಹಸಿ ಮೇವು ಬಿತ್ತಿದ್ರಿ ಅಂದ್ರ ಸರಿ. ಇಲ್ಲಂದ್ರ ಆಕಳು ನಮ್ಮನಿಗೆ ವಾಪಸ್" ಎಂದು ಹೇಳಿ ಹೋಗಿದ್ದ. ಪೂಜಿತಾಳೂ ಅಣ್ಣನ ಮಾತಿಗೇ ತಲೆಯಾಡಿಸಿದ್ದಳು. ತುಂಗಿಯಿಲ್ಲದ ಹಿತ್ತಿಲನ್ನು ನೆನೆದರೇ ಸಿದ್ದಲಿಂಗೇಶನ ಎದೆ ಧಸಕ್ಕೆನ್ನುತ್ತಿತ್ತು.

ಸಂಕ್ರಮಣದ ಹಿಂದಿನ ದಿನ ಶ್ರೀವಾಣಿ ಮೇಡಂ ಕುದುರೆ ಮೆಂತೆ ಎಂಬ ಮೇವಿನ ಬೀಜದ ಸಣ್ಣ ಚೀಲವೊಂದನ್ನು ಅವನ ಕೈಗಿಟ್ಟರು.

"ಹೊಸ ತಳಿ ಇದು. ನನ್ನ ಹತ್ರ ಇದೊಂದೇ ಚೀಲ ಉಳಿದೈತಿ. ಬೆಲ್ಲದ ನೀರು ಚಿಮುಕಿಸಿ, ಈ ಕರಿ ಪುಡಿ ಹಚ್ರಿ. ಇದರಾಗ ಬ್ಯಾಕ್ಟೀರಿಯಾ ಅದಾವು, ಬೇರಿನಾಗ ಗಂಟು ಕಟ್ಟಿ ಗಿಡಕ್ಕ ಗೊಬ್ಬರ ಮಾಡಿ ಕೊಡ್ತಾವು. ಅದರ ಮ್ಯಾಲೆ ಸುಣ್ಣದಕಲ್ಲಿನ ಸಣ್ಣ ಪುಡ್ಯಾಗ ಹೊರಳಿಸಿ ನೆರಳಾಗ ಆರಿಸ್ರಿ. ಬಿಸಿಲು ತಾಗಬಾರದು, ಬ್ಯಾಕ್ಟೀರಿಯಾ ಸಾಯ್ತಾವು. ಕಲಸಿದ ದಿನಾನೇ ಬಿತ್ತಬೇಕು. ನಾಳೆ ಸಂಜಿಕೆ ನಾನೇ ಬಂದು ನೋಡ್ತೀನಿ."

ಸಂಕ್ರಮಣದ ಬೆಳಿಗ್ಗೆ ಸಿದ್ದಲಿಂಗೇಶ ಒಂದಕ್ಷರ ತಪ್ಪದಂತೆ ಎಲ್ಲವನ್ನೂ ಮಾಡಿದ. ಸಾಸಿವೆಯಷ್ಟಿದ್ದ ಕಾಳುಗಳು ಸುಣ್ಣ ಹೊದ್ದು ದುಂಡಗೆ, ಬೆಳ್ಳಗೆ, ಮುದ್ದಾಗಿ ಕೂತವು. ಅವನ್ನು ದೊಡ್ಡ ಪರಾತದಲ್ಲಿ ಹರಡಿ, ಒಳಕೋಣೆಯ ನೆರಳಿನಲ್ಲಿಟ್ಟು, ಮೇಲೊಂದು ಬಿಳಿ ಬಟ್ಟೆ ಹೊದಿಸಿ, ಸಾಲು ಹೊಡೆಯಲು ಹೊಲಕ್ಕೆ ಹೋದ. ಸಂಡೂರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಪೂಜಿತಾ ಹಬ್ಬದ ದಿನವೂ ಡ್ಯೂಟಿಯೆಂದು ಮೊದಲ ಬಸ್ಸಿಗೇ ಹೋಗಿದ್ದಳು. ಮನೆಯಲ್ಲಿ ಉಳಿದವಳು ಅವನ ತಾಯಿ ಮುದುಕಮ್ಮ ಒಬ್ಬಳೇ.

ಹೊರಡುವ ಮುಂಚೆ ಅವನು ಆ ಪರಾತವನ್ನು ಇನ್ನೊಮ್ಮೆ ನೋಡಿ, ಇದು ಯಾವುದರ ಹಾಗಿದೆ ಎಂದು ಯೋಚಿಸಬೇಕಿತ್ತು. ಏಕೆಂದರೆ ಆ ಸೀಮೆಯಲ್ಲಿ ಸಂಕ್ರಮಣದ ದಿನ ಪರಾತದಲ್ಲಿ ಬೆಳ್ಳಗೆ ಕಾಳುಕಾಳಾಗಿ ಇರುವುದಕ್ಕೆ ಒಂದೇ ಹೆಸರು: ಕುಸುರೆಳ್ಳು. ಎಳ್ಳಿಗೆ ಸಕ್ಕರೆ ಪಾಕವನ್ನು ಹನಿಹನಿಯಾಗಿ ಹಚ್ಚಿ, ಕೆಂಡದ ಮುಂದೆ ಗಂಟೆಗಟ್ಟಲೆ ಕೂತು ಮಾಡುವ ತಿನಿಸು ಅದು. ಹೋದ ವರ್ಷ ಎದುರು ಮನೆಯ ವಿರುಪಮ್ಮ ನಾಲ್ಕು ಜನರ ಮುಂದೆ, "ನರ್ಸಮ್ಮಗ ಸೂಜಿ ಚುಚ್ಚಾಕ ಬರ್ತೈತಿ, ಕುಸುರೆಳ್ಳು ಮಾಡಾಕ ಬರಂಗಿಲ್ಲ" ಎಂದಿದ್ದಳು. ಪೂಜಿತಾಳೂ ರೋಷದಿಂದ, "ಬರೋ ಸಂಕ್ರಮಣಕ್ಕ ನಾನೇ ಮಾಡಿ ಓಣಿಗೆಲ್ಲ ಹಂಚಸ್ತೀನಿ, ನೋಡ್ರಿ" ಎಂದುಬಿಟ್ಟಿದ್ದಳು.

ಸಾಲು ಹೊಡೆದು, ಮಣ್ಣು ಹದ ಮಾಡಿ ಸಿದ್ದಲಿಂಗೇಶ ಹಾಡಿಕೊಳ್ಳುತ್ತ ಮನೆಗೆ ಬಂದ. ಒಳಕೋಣೆಯಲ್ಲಿ ಪರಾತ ಇರಲಿಲ್ಲ. ಬಚ್ಚಲ ಬಾಗಿಲಲ್ಲಿ ಅದು ಫಳಫಳ ತೊಳೆದು ಗೋಡೆಗೆ ಆನಿಸಿಕೊಂಡು ನಿಂತಿತ್ತು.

"ಯವ್ವಾ! ಪರಾತದಾಗಿನ ಕಾಳು?"

ಮುದುಕಮ್ಮ ರೇಷ್ಮೆ ಸೀರೆಯ ಸೆರಗು ಸರಿಮಾಡಿಕೊಳ್ಳುತ್ತ ಬಾಗಿಲಲ್ಲಿ ಕಾಣಿಸಿಕೊಂಡಳು. ಮುಖದಲ್ಲಿ ಸಂಭ್ರಮ ತುಳುಕುತ್ತಿತ್ತು. "ಬಂದ್ಯಾ? ನಿನ್ನ ಹೇಣ್ತಿ ಕುಸುರೆಳ್ಳು ಓಣಿಗೆಲ್ಲ ಹಂಚಿ ಬಂದ್ನಿ ನೋಡಪಾ! ಯಾರೂ ಒಂದು ಮಾತು ಆಡಲಿಲ್ಲ. ವಿರುಪಮ್ಮ ಅಂಥಾಕಿ, ಆಕೀನೂ ಬಾಯಿ ಚಪ್ಪರಿಸಿದಳು. ನನ್ನ ಸೊಸಿ ಅಂದ್ರ ಏನಂತ ತಿಳಕೊಂಡಿದ್ರು ಇವರೆಲ್ಲ?" ಹೇಳುತ್ತ ಹೇಳುತ್ತ ಅವಳ ಕಣ್ಣಲ್ಲಿ ನೀರು ಬಂತು.

ಸಿದ್ದಲಿಂಗೇಶ ಖಾಲಿ ಪರಾತವನ್ನೂ ತಾಯಿಯ ಮುಖವನ್ನೂ ನೋಡಿದ. ಊರಿಗೆಲ್ಲ ಸುಣ್ಣ ತಿನ್ನಿಸಿ ಬಂದೆ ಎಂದು ತಿಳಿದರೆ ಈ ಮುದುಕಿ ಇನ್ನು ಹೊಸ್ತಿಲು ದಾಟುವುದಿಲ್ಲ. ಬೀಜ ವಾಪಸ್ ಸಿಗದಿದ್ದರೆ ಸಂಜೆಗೆ ನಾಗೇಂದ್ರಪ್ಪ ಆಕಳು ಒಯ್ಯಲು ಗಾಡಿ ತರುತ್ತಾನೆ. ತಾಯಿಗೆ ಏನೂ ಹೇಳದೆ ಒಂದು ಬುಟ್ಟಿ ಎತ್ತಿಕೊಂಡು ಅವನು ನೇರವಾಗಿ ವ್ಯಾಸರಾಜರ ಮನೆಗೆ ಓಡಿದ.

ವ್ಯಾಸರಾಜರು ಜೋಕಾಲಿಯಲ್ಲಿ ಕೂತು, ಅಂಗೈಯಲ್ಲಿ ಬಿಳಿ ಕಾಳುಗಳನ್ನಿಟ್ಟುಕೊಂಡು ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

"ಬಾರಪಾ ಲಿಂಗೇಶ. ನಿನ್ನ ಹೆಂಡತಿ ಕೈಗೆ ಬಂಗಾರದ ಬಳಿ ಹಾಕಬೇಕು ನೋಡು. ಎಷ್ಟ್ ರುಚಿ ಆಗ್ಯದ!"

"ರುಚಿ?" ಎಂದ ಸಿದ್ದಲಿಂಗೇಶ. ಆಮೇಲೆ ಬೆಲ್ಲದ ನೀರು ನೆನಪಾಯಿತು. "ಹೌದ್ರಿ, ಬೆಲ್ಲ ಹಚ್ಚೀನಿ. ಕಾಕಾ, ಉಗುಳ್ರಿ! ಅದು ಕುಸುರೆಳ್ಳಲ್ಲ, ನನ್ನ ಮೇವಿನ ಬೀಜ. ಮ್ಯಾಲೆ ಸುಣ್ಣ ಐತಿ, ಬ್ಯಾಕ್ಟೀರಿಯಾ ಐತಿ!"

ಜೋಕಾಲಿ ಗಕ್ಕನೆ ನಿಂತಿತು. "ಎರಡು ಬೊಗಸಿ ತಿಂದೀನಲ್ಲೋ!" ಎಂದು ವ್ಯಾಸರಾಜರು ಹೊಟ್ಟೆ ಹಿಡಿದುಕೊಂಡರು. "ಬ್ಯಾಕ್ಟೀರಿಯಾ ಏನ್ ಮಾಡ್ತದ?"

"ಬೇರಿನಾಗ ಗಂಟು ಕಟ್ತೈತಂತ್ರಿ."

"ಅಯ್ಯೋ ಕೃಷ್ಣಾ! ನನ್ನ ಕರುಳಾಗ ಗಂಟು ಕಟ್ಟಿದ್ರ?" ವ್ಯಾಸರಾಜರು ಹೊಟ್ಟೆಯನ್ನು ಒತ್ತಿ ಒತ್ತಿ ನೋಡಿಕೊಂಡರು. ಎಡಗಡೆ ಏನೋ ಬಿಗಿದ ಹಾಗೆ ಆಗುತ್ತಿದೆ ಎಂದರು, ಆಮೇಲೆ ಬಲಗಡೆ ಎಂದರು. ಹೆಂಡತಿ ಕೃಷ್ಣಾಬಾಯಿ ಒಳಗಿನಿಂದ ಚೊಂಬು ನೀರು ತಂದು ಕೊಟ್ಟರು.

ಸಿದ್ದಲಿಂಗೇಶ ಮೇಡಂಗೆ ಫೋನ್ ಹಚ್ಚಿ ಆದದ್ದನ್ನೆಲ್ಲ ಹೇಳಿದ. ಆ ಕಡೆಯಿಂದ ಮೊದಲು ನಗು ಕೇಳಿಸಿತು. "ಮನುಷ್ಯರಿಗೆ ಏನೂ ಆಗಂಗಿಲ್ರಿ, ಹೆದರಬ್ಯಾಡ್ರಿ. ಆದ್ರ ಸಿದ್ದಲಿಂಗೇಶ್ ಅವರೇ, ಆ ಬೀಜ ನನಗ ಬೇಕು. ಇವತ್ತೇ ಮಣ್ಣು ಸೇರಬೇಕು. ಹೆಂಗರೆ ಮಾಡಿ ಒಟ್ಟು ಮಾಡ್ರಿ, ಬಿಸಿಲಿಗೆ ಮಾತ್ರ ಹಿಡೀಬ್ಯಾಡ್ರಿ."

ಜೀವ ಉಳಿಯಿತೆಂದು ತಿಳಿದದ್ದೇ ತಡ, ವ್ಯಾಸರಾಜರಿಗೆ ಉತ್ಸಾಹ ಉಕ್ಕಿತು. ನಿವೃತ್ತಿಯಾದ ಮೇಲೆ ಅವರ ಕೈಗೆ ಇಂಥ ತುರ್ತು ಕೆಲಸ ಬಂದೇ ಇರಲಿಲ್ಲ. "ನೀ ಸುಮ್ಮನ ಬುಟ್ಟಿ ಹಿಡಿ. ಮಾತು ನನಗ ಬಿಡು. ಬ್ಯಾಕ್ಟೀರಿಯಾ ಅನ್ನೋ ಶಬ್ದ ಮಾತ್ರ ನಿನ್ನ ಬಾಯಿಂದ ಹೊರಗ ಬೀಳಬಾರದು" ಎಂದು ಚಪ್ಪಲಿ ಹುಡುಕತೊಡಗಿದರು. ಮನೆಯಲ್ಲಿ ಉಳಿದಿದ್ದ ಕಾಳನ್ನು ಕೃಷ್ಣಾಬಾಯಿ ಬುಟ್ಟಿಗೆ ಸುರಿದರು. ಬಿಸಿಲು ತಾಗಬಾರದಲ್ಲ, ವ್ಯಾಸರಾಜರು ತಮ್ಮ ಕರಿ ಕೊಡೆ ಬಿಚ್ಚಿ ಬುಟ್ಟಿಯ ಮೇಲೆ ಹಿಡಿದರು.

ಎದುರು ಮನೆಯ ವಿರುಪಮ್ಮ ಬಾಗಿಲಲ್ಲೇ ನಿಂತಿದ್ದಳು. ಕೊಟ್ಟ ಕುಸುರೆಳ್ಳು ವಾಪಸ್ ಕೇಳಿದರೆ ಯಾರಿಗೆ ತಾನೆ ಅನುಮಾನ ಬರುವುದಿಲ್ಲ? "ಯಾಕ? ಕೊಟ್ಟಿದ್ದನ್ನ ಯಾರರೆ ಕಸಕೊಂತಾರೇನು? ಲಿಂಗೇಶ, ನಿಮ್ಮನ್ಯಾಗ ಅಷ್ಟು ಕಡಿಮಿ ಬಿದ್ದೈತೇನು?"

ವ್ಯಾಸರಾಜರು ಗಂಟಲು ಸರಿಮಾಡಿಕೊಂಡರು. "ಹಂಗಲ್ಲಮ್ಮಾ. ಹರಕಿ ಅದ. ಆಕಳು ಸೊರಗ್ಯದ ನೋಡು, ಅದಕ್ಕ ಹಂಚಿದ ಕುಸುರೆಳ್ಳು ಮನಿಮನಿ ತಿರುಗಿ ಬೇಡಿ, ತನ್ನ ಹೊಲಕ್ಕ ಚೆಲ್ತೀನಂತ ದೇವರಿಗೆ ಬೇಡಿಕೊಂಡಾನ."

"ಇಂಥ ಹರಕಿ ನಾ ಎಲ್ಲೂ ಕೇಳಿಲ್ಲ!"

"ನೀ ಕೇಳಿಲ್ಲ ಅಂದ್ರ ಇಲ್ಲಂತೇನು?"

ವಿರುಪಮ್ಮ ತುಂಗಿ ಕಟ್ಟಿದ್ದ ಹಿತ್ತಿಲಿನ ಕಡೆಗೊಮ್ಮೆ ನೋಡಿದಳು. ಅವಳ ಬಾಯಿ ಎಷ್ಟು ಖಾರವೋ ಕರುಳು ಅಷ್ಟೇ ಮೆತ್ತಗೆ. ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋಗಿ, ಮುದುಕಮ್ಮ ಕೊಟ್ಟಿದ್ದರ ಮೇಲೆ ತಾನು ಮಾಡಿದ್ದನ್ನೂ ಡಬ್ಬಿಯ ಸಮೇತ ತಂದು ಬುಟ್ಟಿಗೆ ಸುರಿದಳು. ಸಿದ್ದಲಿಂಗೇಶ ಕೈ ಅಡ್ಡ ಹಿಡಿಯುವಷ್ಟರಲ್ಲಿ ಡಬ್ಬಿ ಖಾಲಿಯಾಗಿತ್ತು. ಅವಳು ಅಷ್ಟಕ್ಕೇ ಬಿಡಲೂ ಇಲ್ಲ. "ಹರಕಿ ಅಂದಮ್ಯಾಲೆ ಚಪ್ಪಲಿ ಹಾಕ್ಕೊಂಡು ತಿರುಗ್ತಾರೇನೋ ಮೂಳ? ಬಿಚ್ಚು" ಎಂದು ಗದರಿ, ಅವನ ಹಣೆಗೆ ಅಂಗೈ ಅಗಲ ವಿಭೂತಿ ಬಳಿದಳು.

ಮುಂದಿನ ಮನೆಗೆ ಅವರಿಗಿಂತ ಮೊದಲೇ ಸುದ್ದಿ ತಲುಪಿತ್ತು. ಅಲ್ಲಿ ಯಾರೂ ಯಾಕೆಂದು ಕೇಳಲೇ ಇಲ್ಲ. ಬಾಗಿಲಿಗೆ ನೀರು ಹಾಕಿ, ಬುಟ್ಟಿಗೆ ಕುಂಕುಮ ಹಚ್ಚಿ, ಇದ್ದ ಕುಸುರೆಳ್ಳನ್ನೆಲ್ಲ ಹಾಕಿದರು. ಅದರಾಚೆಯ ಮನೆಯವರು ಬಾಳೆಹಣ್ಣಿಟ್ಟರು. ಇನ್ನೊಬ್ಬರು ಬುಟ್ಟಿಯ ಸುತ್ತ ಚೆಂಡುಹೂವಿನ ಮಾಲೆ ಸುತ್ತಿದರು. ಬಿಸಿಲು ಬೀಳದಂತೆ ವ್ಯಾಸರಾಜರು ಹಿಡಿದ ಕೊಡೆಯನ್ನು ನೋಡಿ, ಒಳಗೆ ದೇವರಿರಬೇಕೆಂದು ಜನ ದೂರದಿಂದಲೇ ಕೈ ಮುಗಿಯತೊಡಗಿದರು. ಯಾರೋ ಹಲಗೆ ತಂದು ಬಾರಿಸಿದರು. ಕಾದ ರಸ್ತೆಯ ಮೇಲೆ ಬರಿಗಾಲಲ್ಲಿ ಸಿದ್ದಲಿಂಗೇಶ ಕುಣಿದು ಕುಣಿದು ಹೆಜ್ಜೆ ಹಾಕುತ್ತಿದ್ದುದನ್ನು ಕಂಡು, "ಮೈಮ್ಯಾಲೆ ಬಂದೈತಿ" ಎಂದು ಇಬ್ಬರು ಹೆಂಗಸರು ಅವನ ಕಾಲಿಗೆ ನೀರು ಸುರಿದರು. ಆ ನೀರಿನ ತಂಪಿಗೆ ಅವನಿಗೆ ನಿಜವಾಗಿಯೂ ದೇವರು ಕಂಡಂತಾಯಿತು.

"ಕಾಕಾ, ಬುಟ್ಟಿ ಯಾಕೋ ಭಾಳ ಭಾರ ಆಗಾಕತ್ತೈತ್ರಿ. ನಾ ಕಲಸಿದ್ದು ಇದರ ಅರ್ಧಾನೂ ಇದ್ದಿಲ್ಲ" ಎಂದು ಅವನು ಪಿಸುಗುಟ್ಟಿದ.

"ನಡುವ ನಾಕು ನಿಜವಾದ ಕುಸುರೆಳ್ಳು ಸೇರ್ಯಾವ. ಸೇರಲಿ. ಬೀಜಕ್ಕ ಬ್ಯಾಸರ ಆಗಬಾರದಲ್ಲ, ಜೊತಿಗೆ ಇರಲಿ" ಎಂದರು ವ್ಯಾಸರಾಜರು.

ಯಾವುದು ಬೀಜ, ಯಾವುದು ಕುಸುರೆಳ್ಳು ಎಂದು ಒಂದು ಕಾಳನ್ನು ನಾಲಿಗೆಗೆ ಹಚ್ಚಿ ನೋಡಿದ್ದರೆ ಸಾಕಿತ್ತು. ಆದರೆ ತನ್ನ ಕೈಯಾರೆ ಕರಿ ಪುಡಿ ಹಚ್ಚಿದ್ದ ಸಿದ್ದಲಿಂಗೇಶನಿಗೆ ಆ ಧೈರ್ಯ ಬರಲಿಲ್ಲ. ವ್ಯಾಸರಾಜರಂತೂ ಇನ್ನು ಜನ್ಮದಲ್ಲಿ ಕುಸುರೆಳ್ಳು ತಿನ್ನುವುದಿಲ್ಲವೆಂದು ಆಣೆ ಹಾಕಿಕೊಂಡಿದ್ದರು.

ಮೆರವಣಿಗೆ ಹೊಲದ ದಾರಿ ಹಿಡಿಯುವ ಹೊತ್ತಿಗೆ ನಾಗೇಂದ್ರಪ್ಪನ ಸಣ್ಣ ಗೂಡ್ಸ್ ಗಾಡಿ ಎದುರಾಯಿತು. ಹಿಂದೆ ಆಕಳಿಗಾಗಿ ಹುಲ್ಲು ಹಾಸಿತ್ತು. ಕೊಡೆಯ ಕೆಳಗೆ ವಿಭೂತಿ ಬಳಿದುಕೊಂಡು, ಹೂವಿನ ಬುಟ್ಟಿ ಹೊತ್ತು ಹಲಗೆಯ ತಾಳಕ್ಕೆ ಜಿಗಿಯುತ್ತಿದ್ದ ಭಾವನನ್ನು ಕಂಡು ಅವನು ಗಾಡಿಯನ್ನು ಅಲ್ಲೇ ನಿಲ್ಲಿಸಿದ.

"ಏನ್ರಿ ಭಾವಾ ಇದು?"

"ಮೇವು ಬಿತ್ತಾಕ ಹೊಂಟೀನ್ರಿ" ಎಂದ ಸಿದ್ದಲಿಂಗೇಶ ಏದುಸಿರು ಬಿಡುತ್ತ.

ಹೊಲದಲ್ಲಿ ಸಾಲುಗಳು ಸಿದ್ಧವಾಗಿದ್ದವು. ಸುಣ್ಣ ಕುಡಿದು ಹದವಾದ ಕೆಂಪು ಮಣ್ಣು ಸಂಜೆಯ ಬೆಳಕಿನಲ್ಲಿ ಅವಲಕ್ಕಿಯ ಹಾಗೆ ಹಗುರವಾಗಿತ್ತು. ಸಿದ್ದಲಿಂಗೇಶ ಬುಟ್ಟಿಯ ಬಾಳೆಹಣ್ಣು, ಹೂವು ತೆಗೆದಿಟ್ಟು ಕಾಳನ್ನು ಸಾಲಿಗೆ ಬಿಡತೊಡಗಿದ. ವಿರುಪಮ್ಮ, ಕೃಷ್ಣಾಬಾಯಿ, ಓಣಿಯ ಹೆಂಗಸರೆಲ್ಲ ಸೆರಗು ಕಟ್ಟಿ ಮಣ್ಣು ಮುಚ್ಚಿದರು. ಅಷ್ಟು ಜನ ಸೇರಿ ಒಂದು ಹೊಲ ಬಿತ್ತಿದ್ದನ್ನು ಬಂಡ್ರಿ ಎಂದೂ ಕಂಡಿರಲಿಲ್ಲ. ಇಷ್ಟು ದಿನ ನಕ್ಕವರೇ ಈಗ ಸಿದ್ದಲಿಂಗೇಶನ ಹೊಲದಲ್ಲಿ ಬಗ್ಗಿ ನಿಂತಿದ್ದರು.

ಕೊನೆಯ ಸಾಲು ಮುಚ್ಚುವ ಹೊತ್ತಿಗೆ ಶ್ರೀವಾಣಿ ಮೇಡಂ ಬಂದರು. ಜನರನ್ನು ನೋಡಿ ಅವರ ಕಣ್ಣು ಅರಳಿತು. "ಊರಿಗೆ ಊರೇ ಸೇರಿ ಮೇವು ಬಿತ್ತೋದಂದ್ರ! ಇದನ್ನ ನಾ ಎಲ್ಲರಿಗೂ ತೋರಸ್ತೀನ್ರಿ" ಎಂದು ಫೋಟೋ ಮೇಲೆ ಫೋಟೋ ತೆಗೆದರು. ಬೆಳೆ ಬಂದ ಮೇಲೆ ತಾಲ್ಲೂಕಿನ ರೈತರನ್ನೆಲ್ಲ ಬಸ್ಸಿನಲ್ಲಿ ಕರೆತಂದು ಇದೇ ಹೊಲ ತೋರಿಸುವುದಾಗಿ ಸಾರಿದರು. ನಾಗೇಂದ್ರಪ್ಪ ಮೀಸೆಯಲ್ಲಿ ನಗುತ್ತ ಭಾವನ ಬೆನ್ನು ತಟ್ಟಿದ. "ಗೆದ್ರಿ ಬಿಡ್ರಿ ಭಾವಾ. ಆಕಳು ಇಲ್ಲೇ ಇರಲಿ. ನಡ್ರಿ, ಒಂದು ಗುಟುಕು ಚಾ ಕುಡದು ಹೋಗ್ತೀನಿ."

ಮನೆಯ ಪಡಸಾಲೆಯಲ್ಲಿ ಅವನಿಗೂ ಜೊತೆಗೆ ಬಂದ ವ್ಯಾಸರಾಜರಿಗೂ ಚಹಾ ಬಂತು. ಸಿದ್ದಲಿಂಗೇಶನ ಅಂಗಾಲಲ್ಲಿ ಬೊಬ್ಬೆ ಎದ್ದಿತ್ತು, ಆದರೂ ಸುಖವೆನಿಸುತ್ತಿತ್ತು. ಅಷ್ಟರಲ್ಲಿ ಸಂಡೂರಿನ ಬಸ್ಸಿಳಿದು ಪೂಜಿತಾ ಬಂದಳು. ಅವಳ ಮುಖದಲ್ಲಿ ಗೊಂದಲವಿತ್ತು.

"ಅತ್ತಿ, ಬಸ್ ಸ್ಟ್ಯಾಂಡಿನಿಂದ ಮನಿತನ ಎಲ್ಲರೂ ನನ್ನ ಕುಸುರೆಳ್ಳು ಹೊಗಳಾಕತ್ತಾರ. ನಾ ಯಾವಾಗ ಮಾಡಿದ್ನಿ?"

ಮುದುಕಮ್ಮ ಕಣ್ಣು ಮಿಟುಕಿಸಿ ಸುಮ್ಮನಿರೆಂದು ಸನ್ನೆ ಮಾಡಿದಳು. ಸೊಸೆಗೆ ಅದು ಅರ್ಥವಾಗಲಿಲ್ಲ. ಸಿದ್ದಲಿಂಗೇಶನೇ ಧೈರ್ಯ ಮಾಡಿ, "ಯವ್ವಾ, ನೀ ಬ್ಯಾಸರ ಮಾಡ್ಕೋಬ್ಯಾಡ. ನೀ ಹಂಚಿದ್ದು ನಾ ಪರಾತದಾಗ ಇಟ್ಟಿದ್ದ ಮೇವಿನ ಬೀಜ. ಎಲ್ಲಾ ಒಟ್ಟು ಮಾಡಿ ಬಿತ್ತಿ ಬಂದೀನಿ, ಚಿಂತಿ ಇಲ್ಲ" ಎಂದ.

ಮುದುಕಮ್ಮ ಮಗನನ್ನೇ ಪಿಳಿಪಿಳಿ ನೋಡಿದಳು.

"ಪರಾತದಾಗಿಂದು ನಾ ಯಾಕ ಹಂಚಲೋ? ಸೊಸಿ ಮಾಡಿಟ್ಟಾಳಂತ ಒಂದು ಕಾಳು ಬಾಯಾಗ ಹಾಕ್ಕೊಂಡ್ನಿ. ಒಳಗ ಎಳ್ಳೂ ಇಲ್ಲ, ಮ್ಯಾಲೆ ಸಕ್ರಿನೂ ಇಲ್ಲ, ಹಲ್ಲಿಗೆಲ್ಲಾ ಸುಣ್ಣ ಹತ್ತಿದಂಗಾತು. ಪಾಪ, ಮೊದಲ ಸಲ, ಪಾಕ ಕೆಟ್ಟೈತಿ ಅಂದ್ಕೊಂಡ್ನಿ. ಇದು ವಿರುಪಮ್ಮನ ಬಾಯಿಗೆ ಬಿದ್ರ ನನ್ನ ಸೊಸಿ ಮರ್ಯಾದಿ ಉಳಿತೈತೇನು? ಅದಕ್ಕ ಕಿರಾಣಿ ಅಂಗಡ್ಯಾಗ ಇದ್ದ ಅಷ್ಟೂ ಕುಸುರೆಳ್ಳು ತಂದು, ಇದು ನನ್ನ ಸೊಸಿ ಮಾಡಿದ್ದು ಅಂತ ಹೇಳಿ ಹಂಚಿ ಬಂದ್ನಿ."

ವ್ಯಾಸರಾಜರು ತಮ್ಮ ಹೊಟ್ಟೆಯ ಮೇಲೆ ಇಟ್ಟುಕೊಂಡಿದ್ದ ಕೈಯನ್ನು ನಿಧಾನವಾಗಿ ತೆಗೆದರು.

"ಮತ್ತ... ಪರಾತದಾಗಿಂದು?" ಎಂದ ಸಿದ್ದಲಿಂಗೇಶ.

"ಚೆಲ್ಲಾಕ ಮನಸ್ಸಾಗಲಿಲ್ಲಪಾ. ಬೂಸಾದಾಗ ಕಲಸಿ ತುಂಗಿಗೆ ಇಟ್ನಿ. ಒಂದು ಕಾಳೂ ಬಿಡದಂಗ ನೆಕ್ಕಿ ತಿಂತು."

ಎಲ್ಲರೂ ಹಿತ್ತಿಲಿನ ಕಡೆ ನೋಡಿದರು. ತುಂಗಿ ಕಣ್ಣು ಅರೆಮುಚ್ಚಿ, ಮೇಡಂ ಹತ್ತಿರ ಒಂದೇ ಚೀಲ ಉಳಿದಿದ್ದ ಹೊಸ ತಳಿಯನ್ನು ಆರಾಮವಾಗಿ ಮೆಲುಕು ಹಾಕುತ್ತಿತ್ತು. ನಾಗೇಂದ್ರಪ್ಪ ನಕ್ಕ ರಭಸಕ್ಕೆ ಕೈಯಲ್ಲಿದ್ದ ಚಹಾ ಧೋತರದ ಮೇಲೆಲ್ಲ ಚೆಲ್ಲಿತು. ನಕ್ಕು ಸುಸ್ತಾದ ಮೇಲೆ ಅವನು ಎದ್ದು ಹೋಗಿ ಆಕಳಿನ ಹಗ್ಗ ಬಿಚ್ಚಿದ.

"ಮಾತು ಅಂದ್ರ ಮಾತು ಭಾವಾ. ಮೇವು ಬಿತ್ತಿದ್ರ ಅಂದಿದ್ನಿ, ಮಿಠಾಯಿ ಬಿತ್ತಿದ್ರ ಅಂದಿದ್ದಿಲ್ಲ."

ಗಾಡಿ ಓಣಿಯ ತಿರುವಿನಲ್ಲಿ ಮರೆಯಾಗುವವರೆಗೂ ಸಿದ್ದಲಿಂಗೇಶ ಬೊಬ್ಬೆಗಾಲಿನಲ್ಲಿ ನಿಂತೇ ಇದ್ದ. ಅತ್ತೆ ಸೊಸೆ ಇಬ್ಬರೂ ಕಣ್ಣೊರೆಸಿಕೊಂಡರು. ಮರುದಿನ ಬೆಳಿಗ್ಗೆ ಬಂಡ್ರಿಯ ಇರುವೆಗಳೆಲ್ಲ ಅವನ ಹೊಲದಲ್ಲಿ ಹಬ್ಬ ಮಾಡುತ್ತಿದ್ದವು. ಸಿದ್ದಲಿಂಗೇಶ ಮೇಡಂಗೆ ಫೋನ್ ಮಾಡಿ ನಿಜ ಹೇಳಿದ.

ಶಿವರಾತ್ರಿ ಹತ್ತಿರ ಬರುವಾಗ ಕಂಪ್ಲಿಯಿಂದ ನಾಗೇಂದ್ರಪ್ಪನ ಫೋನ್ ಬಂತು. "ಭಾವಾ! ತುಂಗಿ ಬಂದ ವಾರದ ಸಗಣಿನ ಕಾಲುವಿ ಪಕ್ಕದ ತುಂಡು ಹೊಲಕ್ಕ ಹಾಕಿದ್ನಿ. ಅಲ್ಲಿ ಎಂಥದೋ ಮೂರೆಲಿ ಸೊಪ್ಪು ಹುಟ್ಟೈತ್ರಿ. ಏನು ಹಸರು, ಏನು ಕಳಿ! ಫೋಟೋ ನೋಡಿ ನಿಮ್ಮ ಮೇಡಮ್ಮೋರು ಕುಣಿದಾಡಾಕತ್ತಾರ."

ಮೇಡಂ ಕುಣಿದಾಡುತ್ತಿದ್ದುದು ನಿಜವೇ. ಕುದುರೆ ಮೆಂತೆಯ ಬೀಜದ ಸಿಪ್ಪೆ ಗಟ್ಟಿ, ಆಕಳ ಹೊಟ್ಟೆ ಹೊಕ್ಕರೂ ಎಷ್ಟೋ ಕಾಳು ಜೀವ ಸಹಿತ ಹೊರಗೆ ಬರುತ್ತವೆ ಎಂದು ಅವರು ವಿವರಿಸಿದರು. ರೈತರಿಗೆ ತೋರಿಸಲು ಗೊತ್ತುಮಾಡಿದ್ದ ಬಸ್ಸು ಬಂಡ್ರಿಗೆ ಬಂತು, ಸಿದ್ದಲಿಂಗೇಶನನ್ನೂ ವ್ಯಾಸರಾಜರನ್ನೂ ಹತ್ತಿಸಿಕೊಂಡು ಕಂಪ್ಲಿಗೆ ಹೋಯಿತು. ಅಲ್ಲಿ ನಾಗೇಂದ್ರಪ್ಪನ ಕೊರಳಿಗೆ ಮಾಲೆ ಬಿತ್ತು. ಮೈ ತುಂಬಿಕೊಂಡ ತುಂಗಿ ತಲೆಯೆತ್ತಿ ತನ್ನ ಹಳೆಯ ಯಜಮಾನನನ್ನು ಒಮ್ಮೆ ನೋಡಿ, ಮತ್ತೆ ಸೊಪ್ಪಿಗೆ ಬಾಯಿ ಹಾಕಿತು.

ಎಲ್ಲರೂ ಊಟಕ್ಕೆ ಎದ್ದಾಗ ಸಿದ್ದಲಿಂಗೇಶ ನಾಗೇಂದ್ರಪ್ಪನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದ.

"ಭಾವಾ, ಸುಣ್ಣ ಹಾಕಿದ ಹೊಲ ಹಂಗ ಖಾಲಿ ಬಿದ್ದೈತ್ರಿ. ಆ ವಾರದ ಸಗಣಿ ಒಂದು ಬುಟ್ಟಿ ಉಳಿದಿದ್ರ..."

ನಾಗೇಂದ್ರಪ್ಪ ಕೊರಳಿನ ಮಾಲೆ ಸರಿಮಾಡಿಕೊಂಡ.

"ಹಾಲು ಒಯ್ರಿ ಭಾವಾ, ಬೆಣ್ಣಿ ಒಯ್ರಿ, ಬೇಕಾದ್ರ ನಾಕು ಚೀಲ ಅಕ್ಕಿ ಒಯ್ರಿ. ಸಗಣಿ ಮಾತ್ರ ಕೇಳಬ್ಯಾಡ್ರಿ."